ಮಾರ್ತಳ ಪರವಾಗಿ ನಾಲ್ಕು ಮಾತು

ಚರ್ಚಿಗೆ ಹೋಗುವ ಮುನ್ನ ಮನಸ್ಸನ್ನು ಹೇಗೆ ಅಣಿಗೊಳಿಸಿಕೊಳ್ಳಬೇಕು ಎಂದು ತಿಳಿಸುವ ಸಣ್ಣ ಪುಸ್ತಿಕೆಗಳು ಕ್ರೈಸ್ತರ ಮನೆಗಳಲ್ಲಿ ಒಂದೆರಡಾದರೂ ಇದ್ದೇ ಇರುತ್ತವೆ. ಜಪಸರದ ಡಬ್ಬಿಯ ಪಕ್ಕದಲ್ಲೋ, ದೇವರ ಪಟದ ಹಿಂದೆಯೋ ಎಣ್ಣೆಯ ಕಲೆ ಹತ್ತಿಸಿಕೊಂಡು ಕೂತಿರುತ್ತವೆ. ಹಬ್ಬಕ್ಕೋ ಧ್ಯಾನಕೂಟಕ್ಕೋ ಹೋದಾಗ ಬಾಗಿಲ ಬಳಿಯ ಮೇಜಿನಿಂದ ಕೊಂಡು ತಂದವು. ನನ್ನ ಬಳಿ ಕನ್ನಡದ್ದು, ಕೊಂಕಣಿಯದ್ದು ಸೇರಿ ಒಂದು ಹಿಡಿ ಇವೆ. ಬಿಡುವಾದಾಗ ತೆಗೆದು ಓದುತ್ತೇನೆ, ಓದಿ ಸಿಟ್ಟಾಗುತ್ತೇನೆ, ತಿಂಗಳು ಬಿಟ್ಟು ಮತ್ತೆ ತೆಗೆಯುತ್ತೇನೆ. ಈ ಬರಹ ಆ ಸಿಟ್ಟಿನದು.

ಅವು ಹೇಳುವುದು ಹೆಚ್ಚು ಕಡಿಮೆ ಒಂದೇ. ಭಾನುವಾರದ ವಾಚನಗಳನ್ನು ಶನಿವಾರ ರಾತ್ರಿಯೇ ಓದಿಕೊಳ್ಳಬೇಕು. ಬೆಳಿಗ್ಗೆ ಎದ್ದೊಡನೆ ಲೋಕದ ಚಿಂತೆಗಳನ್ನು ಬದಿಗಿಡಬೇಕು. ಗಂಟೆ ಹೊಡೆಯುವುದಕ್ಕೆ ಕಾಲು ಗಂಟೆ ಮೊದಲೇ ಹೋಗಿ, ಕಣ್ಣುಮುಚ್ಚಿ ಕೂತು, ತನ್ನೊಳಗನ್ನು ತಾನು ನೋಡಿಕೊಳ್ಳಬೇಕು. ಮನಸ್ಸು ತಿಳಿನೀರಿನಂತೆ ಆದ ಮೇಲೆ ಬಲಿಪೂಜೆಗೆ ಎದ್ದು ನಿಲ್ಲಬೇಕು. ಇದರಲ್ಲಿ ಒಂದೂ ತಪ್ಪು ಮಾತಿಲ್ಲ. ಓದುವಾಗ ಹಿತವಾಗಿಯೂ ಇರುತ್ತದೆ. ಆದರೆ ಈ ಪುಸ್ತಿಕೆಗಳು ಯಾರೊಂದಿಗೆ ಮಾತನಾಡುತ್ತಿವೆಯೋ ಆ ವ್ಯಕ್ತಿಗೆ ಮಕ್ಕಳಿಲ್ಲ, ದನವಿಲ್ಲ, ಬಚ್ಚಲ ಒಲೆಗೆ ಸೌದೆ ಒಟ್ಟುವ ಕೆಲಸವಿಲ್ಲ. ಶನಿವಾರ ರಾತ್ರಿ ಉದ್ದು ನೆನೆಹಾಕಿ ರುಬ್ಬುವವರು ಬೇರೆ ಯಾರೋ ಇದ್ದಾರೆ. ಭಾನುವಾರ ಬೆಳಿಗ್ಗೆ ಅವರ ಅಂಗಿಗೆ ಇಸ್ತ್ರಿ ತಾನೇ ಆಗಿರುತ್ತದೆ.

ಅದಕ್ಕೆ ಕಾರಣವೂ ಇದೆ. ಈ ಬಗೆಯ ಬರವಣಿಗೆ ಹುಟ್ಟಿದ್ದೇ ಸನ್ಯಾಸಿಗಳ ಮಠದಲ್ಲಿ. ಹದಿನೈದನೆಯ ಶತಮಾನದ ಥಾಮಸ್ ಅಕೆಂಪಿಸನ ‘ಕ್ರಿಸ್ತಾನುಕರಣೆ’ಯ ಹೆಸರನ್ನು ಕೇಳದ ಕ್ರೈಸ್ತರು ಕಡಿಮೆ. ಅದರ ನಾಲ್ಕನೆಯ ಭಾಗ ಪೂರ್ತಿ ಪರಮಪ್ರಸಾದ ಸ್ವೀಕರಿಸಲು ಮನಸ್ಸನ್ನು ಹೇಗೆ ತಯಾರು ಮಾಡಬೇಕು ಎಂಬುದನ್ನು ಕುರಿತದ್ದು. ಅದು ದೊಡ್ಡ ಪುಸ್ತಕ, ಅನುಮಾನವಿಲ್ಲ. ಯೋಗ್ಯನಾದೆನೆಂದು ಎಣಿಸಿ ಬರುವವನಿಗಿಂತ ಬಡವನಾಗಿ ಬರುವವನಿಗೆ ಅಲ್ಲಿ ಹೆಚ್ಚು ಆದರವಿದೆ. ಆದರೂ ಅದನ್ನು ಬರೆದವನು ಮಠವಾಸಿ. ಅವನ ದಿನವನ್ನು ಮಠದ ಗಂಟೆ ಭಾಗ ಮಾಡುತ್ತಿತ್ತು. ಅವನ ಮೌನವನ್ನು ಐನೂರು ಚಿಲ್ಲರೆ ವರ್ಷಗಳ ನಂತರ ಒಬ್ಬ ಗೃಹಿಣಿಯ ತಲೆಯ ಮೇಲೆ ಹೊರಿಸುವಾಗ ನಡುವೆ ಒಂದು ಮಾತು ಬೇಕಿತ್ತು. ನಮ್ಮ ಪುಸ್ತಿಕೆಗಳು ಆ ಮಾತನ್ನು ನುಂಗಿಕೊಂಡಿವೆ.

ಇದನ್ನು ನಾನು ಕೆರೆಕಟ್ಟೆಯ ಕಡೆಯಿಂದ ನೋಡುತ್ತೇನೆ. ಶೃಂಗೇರಿಯಿಂದ ನೆಮ್ಮಾರು ದಾಟಿ ಕಾರ್ಕಳದ ಕಡೆಗೆ ಹೋಗುವ ದಾರಿಯಲ್ಲಿ, ಘಟ್ಟ ಇಳಿಯುವ ಮೊದಲು ಸಿಗುವ ಊರು ಅದು. ಮಳೆಗಾಲದಲ್ಲಿ ಪತ್ರಿಕೆಯವರು ಹಾಕುವ ಮಳೆಯ ಲೆಕ್ಕದಲ್ಲಿ ಅದರ ಹೆಸರನ್ನು ಓದಿರುತ್ತೀರಿ. ಉಳಿದಂತೆ ಬಸ್ಸಿನ ಕಿಟಕಿಯಿಂದ ನೋಡಿ ಮರೆಯುವ ಜಾಗ. ಸುತ್ತಲಿನ ಕಾಡು 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವಾಯಿತು. ಮನೆಗಳು ಒಂದರಿಂದ ಒಂದು ದೂರ. ನಡುವೆ ಹಳ್ಳ, ಹಳ್ಳಕ್ಕೆ ಅಡಿಕೆ ಮರದ ಸಂಕ, ಸಂಕ ದಾಟಿದರೆ ಇಂಬಳ. ಅಲ್ಲಿಂದ ಪೂಜೆಗೆ ಹೋಗುವುದೆಂದರೆ ಕಾಲ್ನಡಿಗೆಯಲ್ಲಿ ರಸ್ತೆಗೆ ಬಂದು, ಬರುವ ಬಸ್ಸು ಹತ್ತಿ, ಇಪ್ಪತ್ತು ಕಿಲೋಮೀಟರಿನ ಆಸುಪಾಸು ಹೋಗಬೇಕು. ಕಾಲು ಗಂಟೆ ಮೊದಲು ಹೋಗಿ ಕೂರಿ ಎಂದು ಬರೆದವರಿಗೆ ಈ ಬಸ್ಸಿನ ಪರಿಚಯವಿಲ್ಲ.

ಈ ಸೀಮೆಯ ಕ್ರೈಸ್ತರು ಒಂದೇ ಬಗೆಯವರೂ ಅಲ್ಲ. ದಕ್ಷಿಣ ಕನ್ನಡದಿಂದ ತೋಟದ ಕೆಲಸಕ್ಕೆ ಘಟ್ಟ ಹತ್ತಿ ಬಂದ ಕೊಂಕಣಿಯವರು, ಕೇರಳದಿಂದ ಬಂದು ಎನ್.ಆರ್.ಪುರ, ಕೊಪ್ಪದ ಕಡೆ ಕಾಡು ಕಡಿದು ರಬ್ಬರು, ಮೆಣಸು ಬೆಳೆದ ಸುರಿಯಾನಿಯವರು, ನಾಲ್ಕಾರು ಪ್ರೊಟೆಸ್ಟೆಂಟ್ ಮನೆಯವರು. ಕೆಥೊಲಿಕರ ಚಿಕ್ಕಮಗಳೂರು ಧರ್ಮಪ್ರಾಂತ 1963ರದ್ದು, ಸುರಿಯಾನಿ ಪದ್ಧತಿಯ ಕೆಥೊಲಿಕರಿಗೆ 2007ರಲ್ಲಿ ಭದ್ರಾವತಿಯಲ್ಲಿ ಬೇರೆ ಧರ್ಮಪ್ರಾಂತವಾಯಿತು, ಎನ್.ಆರ್.ಪುರದ ಸಿಂಹನಗದ್ದೆಯಲ್ಲಿ ಯಾಕೋಬಾಯರ ಮರಿಯಮ್ಮನವರ ದೊಡ್ಡ ಚರ್ಚಿದೆ. ಅದೇ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯ ಬಸದಿಯೂ ಇದೆ. ಸುರಿಯಾನಿಯವರು ಮಲಯಾಳದಲ್ಲಿ ‘ನೋಂಬು’ ಎನ್ನುವುದೂ ಜೈನ ಹೆಂಗಸರು ‘ನೋಂಪಿ’ ಎನ್ನುವುದೂ ಒಂದೇ ಬೇರಿನ ಮಾತು. ಎರಡು ಮನೆಯವರೂ ಅದನ್ನು ಗಮನಿಸಿದಂತೆ ಕಾಣಲಿಲ್ಲ.

ಶೃಂಗೇರಿಯ ಸುತ್ತಮುತ್ತ ಬೆಳೆದವರಿಗೆ ‘ಮಡಿ’ ಎಂಬ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಠದ ಊರು, ಮಡಿ ಗಾಳಿಯಲ್ಲೇ ಇದೆ. ನಮ್ಮ ಕ್ರೈಸ್ತ ಮನೆಗಳಲ್ಲಿ ಮಡಿ ಇಲ್ಲ ಎಂದು ನಾವು ಹೇಳಿಕೊಂಡು ಬಂದೆವು. ಇತ್ತು. ಅದರ ಹೆಸರು ಉಪವಾಸ ಎಂದಿತ್ತು. ಪರಮಪ್ರಸಾದ ಸ್ವೀಕರಿಸುವವರು ನಡುರಾತ್ರಿಯಿಂದ ಒಂದು ಹನಿ ನೀರನ್ನೂ ಕುಡಿಯಬಾರದು ಎಂಬುದು ಹಳೆಯ ಕಟ್ಟಳೆ. 1953ರಲ್ಲಿ ಪೋಪ್ ಹನ್ನೆರಡನೆಯ ಪಿಯುಸರು ನೀರಿಗೆ ಅಡ್ಡಿಯಿಲ್ಲ ಎಂದರು. 1957ರಲ್ಲಿ ಊಟದ ಉಪವಾಸ ಮೂರು ಗಂಟೆಗೆ ಇಳಿಯಿತು, 1964ರಲ್ಲಿ ಆರನೆಯ ಪೌಲರು ಅದನ್ನು ಒಂದೇ ಗಂಟೆಗೆ ತಂದರು. ಹನ್ನೊಂದು ವರ್ಷದಲ್ಲಿ ಇಷ್ಟು ಬದಲಾವಣೆ. ರೋಮಿನಿಂದ ಹೊರಟ ಈ ಸುದ್ದಿ ಬಿಷಪರ ಮನೆಗೆ ಬಂತು, ಚರ್ಚಿಗೂ ಬಂತು. ಅಡುಗೆಮನೆಗೆ ಬರಲು ಬಹಳ ಕಾಲ ಹಿಡಿಯಿತು.

ನನ್ನ ದೊಡ್ಡಮ್ಮ ಒಬ್ಬರು ಆ ಕಡೆಯ ಕಾಡಂಚಿನ ಮನೆಯಲ್ಲಿದ್ದರು. 1970ರ ದಶಕದ ಮಾತು ಹೇಳುತ್ತಿದ್ದೇನೆ. ಭಾನುವಾರ ನಸುಕಿಗೆ ಎದ್ದು, ಹಂಡೆಗೆ ಉರಿ ಹಾಕಿ, ಹಾಲು ಕರೆದು, ಮನೆಯಲ್ಲಿ ಉಳಿಯುವ ಮುದುಕರಿಗೂ ಆಳುಗಳಿಗೂ ಗಂಜಿ ಮತ್ತು ಸಾರು ಮಾಡಿಟ್ಟು, ಐದು ಮಕ್ಕಳನ್ನು ಮೀಯಿಸಿ ಹೊರಡಿಸುತ್ತಿದ್ದರು. ಚರ್ಚಿನಲ್ಲಿ ಕೊನೆಯ ಬೆಂಚು ಅವರದು. ಎಲ್ಲರೂ ಪ್ರಸಾದಕ್ಕೆ ಸಾಲು ನಿಂತಾಗ ಅವರು ಎದ್ದುಹೋಗುತ್ತಿರಲಿಲ್ಲ. ಯಾಕೆಂದು ಕೇಳಿದರೆ, “ಬೆಳಿಗ್ಗೆ ಸಾರಿನ ಉಪ್ಪು ನೋಡಿದೆ ಮಗಾ” ಎನ್ನುತ್ತಿದ್ದರು. (ಹೇಳಿದ್ದು ಕೊಂಕಣಿಯಲ್ಲಿ, ನಾನು ಕನ್ನಡ ಮಾಡುತ್ತಿದ್ದೇನೆ.) ಇನ್ನೊಂದು ದಿನ, “ಮನಸ್ಸು ಸರಿಯಿಲ್ಲ, ಹುಡುಗರಿಗೆ ಹೊಡೆದು ಬಂದಿದ್ದೇನೆ”. ಮತ್ತೊಂದು ದಿನ, “ಪೂಜೆಯ ಹೊತ್ತಿಗೆ ದನದ ನೆನಪು ಬಂತು, ಹಗ್ಗ ಸರಿಯಾಗಿ ಕಟ್ಟಿದೆನೋ ಇಲ್ಲವೋ”. ಉಪವಾಸ ಒಂದು ಗಂಟೆಗೆ ಇಳಿದು ಆಗಲೇ ಹತ್ತು ವರ್ಷವಾಗಿತ್ತು. ಅವರಿಗೆ ಯಾರೂ ಹೇಳಿರಲಿಲ್ಲವೋ, ಹೇಳಿದ್ದನ್ನು ಅವರು ನಂಬಲಿಲ್ಲವೋ. ಕಟ್ಟಳೆ ಸಡಿಲವಾದರೂ ಅದು ಬಿಟ್ಟುಹೋದ ಭಯ ಸಡಿಲವಾಗಲಿಲ್ಲ. ಉಪವಾಸದ ಜಾಗಕ್ಕೆ ‘ಮನಸ್ಸಿನ ಸಿದ್ಧತೆ’ ಬಂದು ಕೂತಿತು. ಗಡಿಯಾರ ನೋಡಿ ಉಪವಾಸ ಮುಗಿಯಿತೆಂದು ತಿಳಿಯಬಹುದಿತ್ತು. ಮನಸ್ಸು ಸಿದ್ಧವಾಯಿತೆಂದು ಯಾವ ಗಡಿಯಾರ ಹೇಳೀತು?

ಅದೇ ದೊಡ್ಡಮ್ಮನ ಇನ್ನೊಂದು ವಿಷಯ ಹೇಳದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ. ಅದಕ್ಕೆ ಮೊದಲು ಹಬ್ಬವೊಂದರ ಪರಿಚಯ ಮಾಡಿಕೊಡಬೇಕು. ಸೆಪ್ಟೆಂಬರ್ 8 ಮರಿಯಮ್ಮನವರ ಹುಟ್ಟುಹಬ್ಬ, ಕೊಂಕಣಿಯವರ ಮೊಂತಿ ಫೆಸ್ತ್. ಒಂಬತ್ತು ದಿನ ಮೊದಲೇ ಮಕ್ಕಳು ಹೂ ಕೊಯ್ದು ತಂದು ಮರಿಯಮ್ಮನಿಗೆ ಅರ್ಪಿಸಲು ತೊಡಗುತ್ತಾರೆ. ಗುಡ್ಡದ ಹೂ, ಬೇಲಿಯ ಹೂ, ಡೇರೆ, ದಾಸವಾಳ, ಯಾವುದೂ ಆದೀತು. ಹಬ್ಬದ ದಿನ ಚರ್ಚಿನಲ್ಲಿ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಘಟ್ಟದ ಮೇಲೆ ಆ ಹೊತ್ತಿಗೆ ಗದ್ದೆ ಇನ್ನೂ ಹಸಿರು, ತೆನೆ ಕೆಳಗಿನ ಸೀಮೆಯಿಂದ ಬರಬೇಕು. ಮನೆಗೆ ತಂದ ತೆನೆಯ ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ, ಪ್ರಾರ್ಥನೆ ಮಾಡಿ, ಮನೆಯವರೆಲ್ಲ ಕುಡಿಯುತ್ತಾರೆ. ಅಂದಿನ ಊಟದಲ್ಲಿ ಮೀನು ಮಾಂಸವಿಲ್ಲ. ಊರಲ್ಲಿಲ್ಲದವರ ಪಾಲನ್ನು ಎತ್ತಿಡುತ್ತಾರೆ. ಮುಂಬಯಿಗೆ, ಕೊಲ್ಲಿ ದೇಶಗಳಿಗೆ ನಾಲ್ಕು ಕಾಳನ್ನು ಅಂಚೆಯ ಲಕೋಟೆಯಲ್ಲಿ ಕಳಿಸುವುದೂ ಉಂಟು. ಅದೇ ಹೊತ್ತಿನಲ್ಲಿ ಎನ್.ಆರ್.ಪುರದ ಸುರಿಯಾನಿ ಹೆಂಗಸರು ‘ಎಟ್ಟು ನೋಂಬು’ ಹಿಡಿದಿರುತ್ತಾರೆ. ಸೆಪ್ಟೆಂಬರ್ ಒಂದರಿಂದ ಎಂಟರವರೆಗೆ ಎಂಟು ದಿನದ ವ್ರತ, ಮುಖ್ಯವಾಗಿ ಹೆಂಗಸರದೇ. ಎರಡು ಭಾಷೆ, ಎರಡು ಪದ್ಧತಿ, ಮುಗಿಯುವುದು ಒಂದೇ ದಿನ.

ದೊಡ್ಡಮ್ಮನಿಗೂ ಹಳ್ಳದಾಚೆಯ ಓರಗಿತ್ತಿಗೂ ಎರಡು ವರ್ಷ ಮಾತಿರಲಿಲ್ಲ. ಸಂಕ ಮುರಿದಾಗ ಹೊಸ ಮರ ಯಾರ ತೋಟದ್ದು ಹಾಕಬೇಕು ಎಂದು ಗಂಡಸರಿಗೆ ಜಗಳವಾಗಿ, ಅದು ಹೆಂಗಸರಿಗೆ ಬಂದು, ಗಂಡಸರು ಮರೆತ ಮೇಲೂ ಹೆಂಗಸರಲ್ಲಿ ಉಳಿದಿತ್ತು. ಒಂದು ವರ್ಷ ಮೊಂತಿ ಫೆಸ್ತಿಗೆ ಆ ಮನೆಯವರು ಮಳೆಗೆ ಹೆದರಿ ಚರ್ಚಿಗೆ ಹೋಗಲಿಲ್ಲ. ದೊಡ್ಡಮ್ಮ ಹೋಗಿ ಬಂದವರು ಕಾಳು ಹಾಕಿದ ಪಾಯಸವನ್ನು ತಂಬಿಗೆಯಲ್ಲಿ ತುಂಬಿಕೊಂಡು, ತಲೆಗೆ ಕಂಬಳಿಕೊಪ್ಪೆ ಹಾಕಿಕೊಂಡು, ಸಂಕ ದಾಟಿ ಹೋಗಿ ಅವರ ಜಗಲಿಯ ಮೇಲೆ ಇಟ್ಟರು. ಏನು ಮಾತಾಡಿದರೋ ಗೊತ್ತಿಲ್ಲ. ಬರುವಾಗ ತಂಬಿಗೆಯಲ್ಲಿ ಸೌತೆಕಾಯಿ ಹೋಳು ಇತ್ತು. ಮುಂದಿನ ಭಾನುವಾರ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದರು, ಒಂದೇ ಬೆಂಚಿನಲ್ಲಿ ಕೂತರು. ಆ ದಿನವೂ ದೊಡ್ಡಮ್ಮ ಪ್ರಸಾದಕ್ಕೆ ಏಳಲಿಲ್ಲ. ಸಾರಿನ ಉಪ್ಪು ನೋಡಿದ್ದರು.

ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯ ತೆಗೆದು ನೋಡಿ. ಕಾಣಿಕೆ ಹಿಡಿದು ಪೀಠದ ಹತ್ತಿರ ಬಂದವನಿಗೆ, ನಿನ್ನ ಮೇಲೆ ಯಾರಿಗಾದರೂ ಮನಸ್ತಾಪ ಇದ್ದದ್ದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಇಟ್ಟು ಹೋಗಿ ರಾಜಿಯಾಗಿ ಬಾ ಎಂದು ಯೇಸು ಹೇಳುವ ಭಾಗ. ಪೂಜೆಗೆ ಮುಂಚಿನ ಸಿದ್ಧತೆಯ ಬಗ್ಗೆ ಇಷ್ಟು ನೇರವಾಗಿ ಅವರು ಬೇರೆಲ್ಲಿ ಹೇಳಿದ್ದಾರೋ ನನಗೆ ಕಾಣದು. ಅಲ್ಲಿ ಕಣ್ಣುಮುಚ್ಚಲು ಹೇಳಿಲ್ಲ. ನಡೆಯಲು ಹೇಳಿದೆ. ದೊಡ್ಡಮ್ಮ ನಡೆದಿದ್ದರು, ಮಳೆಯಲ್ಲಿ, ಮುರಿದು ಕಟ್ಟಿದ ಅದೇ ಸಂಕದ ಮೇಲೆ. ಆದರೆ ತಾನು ಮಾಡಿದ್ದೇ ಸಿದ್ಧತೆ ಎಂದು ಅವರಿಗೆ ಯಾವ ಪುಸ್ತಿಕೆಯೂ, ಯಾವ ಉಪದೇಶವೂ ತಿಳಿಸಿರಲಿಲ್ಲ.

ಪುಸ್ತಿಕೆಗಳು ಹೆಚ್ಚಾಗಿ ಆತುಕೊಳ್ಳುವುದು ಪೌಲನ ಮೇಲೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹನ್ನೊಂದನೆಯ ಅಧ್ಯಾಯದಲ್ಲಿ, ರೊಟ್ಟಿ ತಿನ್ನುವ ಮೊದಲು ಪ್ರತಿಯೊಬ್ಬನೂ ತನ್ನನ್ನು ಪರೀಕ್ಷಿಸಿಕೊಳ್ಳಲಿ ಎನ್ನುತ್ತಾನೆ ಅವನು. ಅಯೋಗ್ಯವಾಗಿ ಸ್ವೀಕರಿಸುವವರಿಗೆ ಎಚ್ಚರಿಕೆಯನ್ನೂ ಕೊಡುತ್ತಾನೆ. ದೊಡ್ಡಮ್ಮನಂಥವರನ್ನು ಕೊನೆಯ ಬೆಂಚಿಗೆ ಅಂಟಿಸಿಟ್ಟದ್ದು ಈ ಮಾತು. ಆದರೆ ಅದಕ್ಕಿಂತ ಹತ್ತು ವಾಕ್ಯ ಮೇಲಿನಿಂದ ಓದಿದರೆ ಚಿತ್ರವೇ ಬೇರೆ. ಆಗ ಪ್ರಭುಭೋಜನವೆಂದರೆ ನಿಜವಾದ ಊಟ. ಅನುಕೂಲವಂತರು ತಾವು ತಂದದ್ದನ್ನು ಮೊದಲೇ ತಿಂದು ಮುಗಿಸುತ್ತಿದ್ದರು, ಕೆಲವರು ಕುಡಿದು ಮತ್ತರಾಗುತ್ತಿದ್ದರು, ಏನೂ ಇಲ್ಲದವರು ಹಸಿದು ಕೂರುತ್ತಿದ್ದರು. ಪೌಲ ಸಿಡಿದೆದ್ದದ್ದು ಇದಕ್ಕೆ. ಅಧ್ಯಾಯದ ಕೊನೆಗೆ ಅವನು ಕೊಡುವ ಪರಿಹಾರವೂ ಅಡುಗೆಮನೆಯ ಭಾಷೆಯದು: ಊಟಕ್ಕೆ ಸೇರಿದಾಗ ಒಬ್ಬರಿಗಾಗಿ ಒಬ್ಬರು ಕಾದುಕೊಳ್ಳಿ. ಹಾಗಾದರೆ ಪರೀಕ್ಷೆಯ ಮೊದಲ ಪ್ರಶ್ನೆ, ನಿನ್ನ ಚಿತ್ತ ಚಂಚಲವಾಯಿತೇ ಎಂಬುದಲ್ಲ. ನಿನ್ನ ಪಕ್ಕದವರು ಉಂಡರೇ ಎಂಬುದು. ವಿದ್ವಾಂಸರು ಈ ಭಾಗಕ್ಕೆ ಬೇರೆ ಬೇರೆ ಅರ್ಥ ಹೇಳುತ್ತಾರೆ, ನಿಜ. ಆದರೆ ಮೇಲಿನ ಹತ್ತು ವಾಕ್ಯಗಳನ್ನು ಕತ್ತರಿಸಿ ಎಸೆದು ಒಂದು ವಾಕ್ಯವನ್ನು ಮಾತ್ರ ಅಚ್ಚುಹಾಕುವ ಹಕ್ಕನ್ನು ಯಾವ ವಿದ್ವಾಂಸರೂ ಕೊಟ್ಟಿಲ್ಲ. ಎಲ್ಲರಿಗೂ ಬಡಿಸಿ, ಉಳಿದದ್ದನ್ನು ನಿಂತುಕೊಂಡೇ ತಿಂದು ಬಸ್ಸಿಗೆ ಓಡಿಬಂದ ಹೆಂಗಸು ಆ ಪರೀಕ್ಷೆಯಲ್ಲಿ ಮೊದಲೇ ಪಾಸಾಗಿದ್ದಾಳೆ.

ಇನ್ನು ಮಾರ್ತ. ಲೂಕನ ಹತ್ತನೆಯ ಅಧ್ಯಾಯದ ಕೊನೆಯ ಐದು ವಾಕ್ಯಗಳ ಕಥೆ. ಯೇಸು ಮನೆಗೆ ಬಂದಾಗ ತಂಗಿ ಮರಿಯ ಅವರ ಪಾದದ ಬಳಿ ಕೂತು ಕೇಳುತ್ತಾಳೆ. ಅಕ್ಕ ಮಾರ್ತ ಅಡುಗೆಯ ಗಡಿಬಿಡಿಯಲ್ಲಿ ತಂಗಿಯ ಮೇಲೆ ದೂರು ಹೇಳುತ್ತಾಳೆ. ಮರಿಯ ಒಳ್ಳೆಯ ಪಾಲನ್ನೇ ಆರಿಸಿಕೊಂಡಿದ್ದಾಳೆ ಎಂದು ಯೇಸು ಹೇಳುತ್ತಾರೆ. ಮನಸ್ಸಿನ ಸಿದ್ಧತೆಯ ಉಪದೇಶವೆಲ್ಲ ಈ ಕಥೆಗೆ ಬಂದೇ ನಿಲ್ಲುತ್ತದೆ. ಗೃಹಕೃತ್ಯದಲ್ಲಿ ಮುಳುಗಿ ದೇವರನ್ನು ಮರೆಯಬೇಡಿ ತಾಯಂದಿರೇ ಎನ್ನುತ್ತಾರೆ. ಉಪದೇಶ ಮುಗಿದು, ಪೂಜೆ ಮುಗಿದು, ಪ್ರಕಟಣೆ ಓದುವಾಗ ಅದೇ ಬಾಯಿ ಹೇಳುತ್ತದೆ: ಹಬ್ಬದ ದಿನದ ಫಲಾಹಾರದ ಜವಾಬ್ದಾರಿ ಎಂದಿನಂತೆ ಸ್ತ್ರೀಯರ ಸಂಘದ್ದು. ನಾನಿದನ್ನು ಒಂದಕ್ಕಿಂತ ಹೆಚ್ಚು ಚರ್ಚುಗಳಲ್ಲಿ ಕೇಳಿದ್ದೇನೆ. ಹೆಂಗಸರು ಮುಖ ಮುಖ ನೋಡಿಕೊಂಡು ನಕ್ಕಿದ್ದನ್ನೂ ಕಂಡಿದ್ದೇನೆ.

ಯೇಸು ಬೈದದ್ದು ಅಡುಗೆಯನ್ನಲ್ಲ, ಅವಳ ಕಳವಳವನ್ನು. ಮರಿಯಳ ಪರ ನಿಂತದ್ದು, ಗುರುವಿನ ಪಾದದ ಬಳಿ ಶಿಷ್ಯನಂತೆ ಕೂರುವ ಹಕ್ಕು ಹೆಣ್ಣಿಗೂ ಉಂಟು ಎಂಬುದಕ್ಕೆ. ಅದು ದೊಡ್ಡ ಮಾತು. ಅದನ್ನು ಹಾಗೆಂದು ಹೇಳುವ ಉಪದೇಶ ನನ್ನ ಕಿವಿಗೆ ಬಿದ್ದದ್ದು ಅಪರೂಪ. ಮಾರ್ತಳ ಕೆಲಸಕ್ಕೆ ಲೂಕ ಬಳಸಿದ ಗ್ರೀಕ್ ಪದ ‘ದಿಯಾಕೊನಿಯ’. ಚರ್ಚಿನಲ್ಲಿ ದೀಕ್ಷೆ ಪಡೆದ ಸೇವಕನಿಗೆ ‘ಡೀಕನ್’ ಎಂಬ ಹೆಸರು ಬಂದದ್ದು ಇದೇ ಬೇರಿನಿಂದ. ಪೀಠದ ಬಳಿ ಅದು ಪದವಿ, ಒಲೆಯ ಬಳಿ ಬಂದರೆ ಗಡಿಬಿಡಿ.

ಮತ್ತೆ, ಮಾರ್ತಳ ಕಥೆ ಅಲ್ಲಿಗೆ ಮುಗಿಯುವುದೂ ಇಲ್ಲ. ಯೋಹಾನನ ಹನ್ನೊಂದನೆಯ ಅಧ್ಯಾಯದಲ್ಲಿ ತಮ್ಮ ಲಾಜರನು ಸತ್ತಾಗ ಯೇಸು ಬರುತ್ತಿದ್ದಾರೆಂದು ಕೇಳಿ ಎದುರುಗೊಳ್ಳಲು ಹೋದವಳು ಮಾರ್ತ. ಮರಿಯ ಮನೆಯಲ್ಲೇ ಕೂತಿದ್ದಳು. ನೀವು ಇಲ್ಲಿ ಇದ್ದಿದ್ದರೆ ತಮ್ಮ ಸಾಯುತ್ತಿರಲಿಲ್ಲ ಎಂದು ಮುಖಕ್ಕೆ ಹೇಳಿದವಳೂ ಅವಳೇ. ಅದೇ ಉಸಿರಿನಲ್ಲಿ, ನೀವೇ ಕ್ರಿಸ್ತ, ದೇವರ ಪುತ್ರ ಎಂದು ಒಪ್ಪಿಕೊಂಡವಳೂ ಅವಳೇ. ಪೇತ್ರ ಅದನ್ನೇ ಹೇಳಿದ್ದಕ್ಕೆ ಎಷ್ಟು ಚಿತ್ರಗಳು, ಎಷ್ಟು ಹಬ್ಬಗಳು! ಮಾರ್ತಳನ್ನು ಮಾತ್ರ ನಾವು ಸೌಟು ಹಿಡಿಸಿ ನಿಲ್ಲಿಸಿಬಿಟ್ಟೆವು. ಅರಮಾಯಿಕ್ ಭಾಷೆಯಲ್ಲಿ ‘ಮಾರ್ತ’ ಎಂದರೆ ಒಡತಿ, ಯಜಮಾನಿ. ಸುರಿಯಾನಿ ಚರ್ಚುಗಳ ಮಹಿಳಾ ಸಮಾಜಗಳಿಗೆ ‘ಮರ್ತ ಮರಿಯಂ’ ಎಂಬ ಹೆಸರಿರುವುದುಂಟು. ಒಡತಿ ಮರಿಯಮ್ಮ ಎಂದಷ್ಟೇ ಅದರ ಅರ್ಥ. ನನಗೆ ಮೊದಲ ಸಲ ಕೇಳಿದಾಗ ಅಕ್ಕತಂಗಿಯರಿಬ್ಬರನ್ನೂ ಒಂದೇ ಹೆಸರಲ್ಲಿ ಕೂಡಿಸಿದ್ದಾರೆ ಅನ್ನಿಸಿ ಖುಷಿಯಾಗಿತ್ತು. ಅರ್ಥ ತಿಳಿದ ಮೇಲೂ ಆ ಖುಷಿಯನ್ನು ಬಿಟ್ಟುಕೊಟ್ಟಿಲ್ಲ.

ಪಾಪನಿವೇದನೆಗೆ ಮುಂಚೆ ಓದಿಕೊಳ್ಳಲು ಪ್ರಾರ್ಥನಾ ಪುಸ್ತಕಗಳಲ್ಲಿ ಹತ್ತು ಕಟ್ಟಳೆಗಳ ಕ್ರಮದಲ್ಲಿ ಪ್ರಶ್ನೆಗಳಿರುತ್ತವೆ. ಅವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ನನ್ನಲ್ಲಿರುವ ಪುಸ್ತಿಕೆಗಳಲ್ಲಿ ಹೆಂಡತಿ ಸಿಡುಕಿದಳೇ ಎಂಬ ಪ್ರಶ್ನೆ ಇದೆ. ಅವಳು ಸಿಡುಕುವಂತೆ ಮಾಡಿದವರನ್ನು ಕೇಳುವ ಪ್ರಶ್ನೆ ಇಲ್ಲ. ಕೆಲಸದವಳ ಸಂಬಳ ಹಿಡಿದಿಟ್ಟು ಪೂಜೆಗೆ ಬಂದೆಯಾ ಎಂದು ಕೇಳುವುದು ಒಂದರಲ್ಲಿದೆ. ಆ ಪುಟದ ಮೂಲೆಯನ್ನು ಮಡಿಸಿ ಇಟ್ಟಿದ್ದೇನೆ.

ದೊಡ್ಡ ಊರುಗಳ ಚರ್ಚಿನ ಮನಸ್ತಾಪಗಳನ್ನು ನೋಡಿದರೆ ನಮ್ಮ ಸಂಕದ ಜಗಳ ಎಷ್ಟರದ್ದು? ಎರಡನೆಯ ವ್ಯಾಟಿಕನ್ ಮಹಾಸಭೆ 1962ರಿಂದ 65ರವರೆಗೆ ನಡೆದ ಮೇಲೆ ಲ್ಯಾಟಿನ್ ಹೋಗಿ ಜನರ ಭಾಷೆ ಬಂತು. ಅರ್ಥವಾಗದ ಪೂಜೆಯಲ್ಲಿ ಜಪಸರ ಎಣಿಸುತ್ತ ಕೂರುತ್ತಿದ್ದ ಹೆಂಗಸರಿಗೆ ಅದು ಬಾಗಿಲು ತೆರೆದಂತೆ ಆಯಿತು. ಆದರೆ ಜನರ ಭಾಷೆ ಎಂದರೆ ಯಾವ ಜನರದ್ದು ಎಂಬ ತಕರಾರು ಬೆಂಗಳೂರಿನ ಮಹಾಧರ್ಮಪ್ರಾಂತದಲ್ಲಿ ದಶಕಗಟ್ಟಲೆ ನಡೆಯಿತು. ಕನ್ನಡ, ತಮಿಳು, ಕೊಂಕಣಿ ಎಂದು ಒಂದೇ ಪೀಠದ ಮುಂದೆ ಜನ ಒಡೆದು ನಿಂತರು. ಕನ್ನಡ ನೆಲದ ಚರ್ಚಿನಲ್ಲಿ ಕನ್ನಡ ಕೇಳುವುದು ನ್ಯಾಯವೇ. ಕನ್ನಡಕ್ಕೆ ಕಿಟೆಲರ ನಿಘಂಟನ್ನು 1894ರಲ್ಲಿ ಕೊಟ್ಟದ್ದು ಒಂದು ಕ್ರೈಸ್ತ ಮಿಷನ್ನಿನ ದುಡಿಮೆ ಎಂಬ ಹೆಮ್ಮೆಯೂ ನಮಗಿದೆ. ಆದರೆ ಪಕ್ಕದ ಬೆಂಚಿನವರ ಭಾಷೆಯ ಮೇಲೆ ಹಲ್ಲು ಕಡಿಯುತ್ತ ಕಣ್ಣುಮುಚ್ಚಿ ಕೂತವರ ಮನಸ್ಸು ಯಾವ ಪುಸ್ತಿಕೆಯ ಪ್ರಕಾರ ಸಿದ್ಧವಾಗಿತ್ತು? ಅವರು ಕಾಲು ಗಂಟೆ ಮೊದಲೇ ಬಂದಿದ್ದಿರಬಹುದು.

2020ರಲ್ಲಿ ಕೊರೋನಾ ಬಂದು ಚರ್ಚುಗಳೆಲ್ಲ ಮುಚ್ಚಿದಾಗ ಪೂಜೆ ಮೊಬೈಲಿಗೆ ಬಂತು. ಪೇಟೆಯ ನಮ್ಮ ಬೀದಿಯ ಮನೆಗಳಲ್ಲಿ ಗಂಡಸರು, ಮಕ್ಕಳು ಹಜಾರದಲ್ಲಿ ಕೂತು ನೋಡಿದರು. ಹೆಂಗಸರು ಕುಕ್ಕರಿನ ಸೀಟಿಯ ನಡುವೆ ಒಳಗಿನಿಂದ ಕೇಳಿದರು. ಎದ್ದು ನಿಲ್ಲುವ ಭಾಗದಲ್ಲಿ ಅವರು ಹೇಗೂ ನಿಂತೇ ಇದ್ದರು.

ದೊಡ್ಡಮ್ಮ ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗ ಗುರುಗಳು ಮನೆಗೇ ಪ್ರಸಾದ ತಂದರು. ಮಲಗಿದಲ್ಲಿಂದಲೇ ಅವರು, “ಫಾದರ್, ಈಗಷ್ಟೇ ಎರಡು ಗುಟುಕು ಗಂಜಿ ಕುಡಿದೆ, ಆದೀತಾ?” ಎಂದರು. ಕಾಯಿಲೆಯವರಿಗೆ ಆ ಕಟ್ಟಳೆಯೇ ಇಲ್ಲ ಅಮ್ಮ ಎಂದು ಅವರು ಹೇಳಿದಾಗ ದೊಡ್ಡಮ್ಮ ನನ್ನ ಕಡೆ ನೋಡಿದ ನೋಟ ಇನ್ನೂ ಕಣ್ಣಲ್ಲಿದೆ. ನಂಬಿಕೆ ಬಾರದವರ ನೋಟ.

ಹೀಗೆಲ್ಲ ಬರೆದ ಮೇಲೆ, ಬೇರೆ ದಾರಿ ಯಾವುದಾದರೂ ಉಂಟೇ ಎಂದು ನೀವು ಕೇಳಬಹುದು. ಉಂಟು, ಅದೂ ನಮ್ಮ ಜಿಲ್ಲೆಯಲ್ಲೇ. ಸುರಿಯಾನಿಯವರ ದೊಡ್ಡ ನೋಂಬು, ಎಂದರೆ ಈಸ್ಟರಿಗೆ ಮುಂಚಿನ ಉಪವಾಸ, ಸೋಮವಾರ ಮೊದಲಾಗುತ್ತದೆ. ಆ ದಿನ ಅವರಲ್ಲಿ ‘ಶುಬ್ಕೋನೊ’ ಎಂಬ ಒಂದು ಆರಾಧನೆ ಇದೆ. ಸುರಿಯಾನಿ ಮಾತು, ಕ್ಷಮೆ ಕೇಳುವುದು, ಕೊಡುವುದು ಎಂದು ಅರ್ಥ. ಉಪವಾಸಕ್ಕೆ ಕಾಲಿಡುವ ಮೊದಲು ಒಬ್ಬರಿಗೊಬ್ಬರು ಕ್ಷಮೆ ಕೇಳಬೇಕು. ದೇವರನ್ನು ಆಮೇಲೆ. ಎನ್.ಆರ್.ಪುರದ ಕಡೆಯ ಗೆಳತಿಯೊಬ್ಬಳು ಕರೆದಳೆಂದು ನಾನು ಒಮ್ಮೆ ಹೋಗಿದ್ದೆ. ಮೊದಲು ಅಚ್ಚನ್ನರೇ ಜನರ ಎದುರು ಮಂಡಿಯೂರಿದರು, ತನ್ನಿಂದ ತಪ್ಪಾಗಿದ್ದರೆ ಮನ್ನಿಸಿ ಎಂದು. ಆಮೇಲೆ ಜನ ಸರದಿಯಲ್ಲಿ ಬಂದು, ಅವರ ಕೈಗೆ ಕೈಜೋಡಿಸಿ, ಪಕ್ಕದವರ ಕಡೆ ತಿರುಗಿದರು. ಅಲ್ಲಿ ಮಾತಿಲ್ಲ, ಎರಡೂ ಕೈಗಳ ಸ್ಪರ್ಶ ಅಷ್ಟೇ. ಗಂಡಸರ ಸಾಲು ಬೇಗ ಮುಗಿಯಿತು. ಹೆಂಗಸರ ಸಾಲು ಮುಂದೆ ಸರಿಯಲೇ ಇಲ್ಲ. ಒಬ್ಬಳು ಅತ್ತೆಯ ಕೈ ಹಿಡಿದವಳು ಬಿಡಲಿಲ್ಲ. ಇನ್ನೊಬ್ಬಾಕೆ ಸಾಲು ಬಿಟ್ಟು ಹಿಂದಿನ ಬಾಗಿಲ ಬಳಿ ನಿಂತಿದ್ದ ಯಾರನ್ನೋ ಹುಡುಕಿಕೊಂಡು ಹೋದಳು. ಮಗುವನ್ನು ನನ್ನ ತೊಡೆಗೆ ಕೊಟ್ಟು ಹೋದಳು, ನಾನು ಯಾರೆಂದೂ ಕೇಳದೆ. ಅಚ್ಚನ್ ಗಡಿಯಾರ ನೋಡಲಿಲ್ಲ. ಅದು ಮುಗಿಯುವಷ್ಟರಲ್ಲಿ ಕೊಪ್ಪದ ಬಸ್ಸು ಹೋಗಿತ್ತು. ಮುಂದಿನದಕ್ಕೆ ಮುಕ್ಕಾಲು ಗಂಟೆ ಕಾದೆವು.